ಜೋಕುಮಾರನ ಗಾದಿ

ನೀರಲಗುಂಡಿಯ ಜೋಕುಮಾರ ನರಳುತ್ತಾನೆ ಎಂದು ಭೀಮಾ ದಂಡೆಯ ಹಳ್ಳಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಬೇರೆ ಊರುಗಳ ಮಣ್ಣಿನ ಜೋಕುಮಾರರು ಸುಮ್ಮನೆ ಹುಟ್ಟುತ್ತಾರೆ, ಏಳು ದಿನ ಬುಟ್ಟಿಯಲ್ಲಿ ಕುಳಿತು ಮನೆಮನೆ ತಿರುಗುತ್ತಾರೆ, ಹುಣ್ಣಿಮೆಗೆ ಸತ್ತು ಹೋಗುತ್ತಾರೆ. ನಮ್ಮವನು ಮಾತ್ರ ಸತ್ತ ಮೇಲೂ ಹಳ್ಳದಲ್ಲಿ ಬಿದ್ದು ನರಳಿದ, ಇಡೀ ಊರು ಕಿವಿಯಾರೆ ಕೇಳಿತು ಎಂಬುದು ಊರಿನ ದೊಡ್ಡಸ್ತಿಕೆ. ಕೆಂಭಾವಿಯ ಸಂತೆಯಲ್ಲಿ ಕುರಿ ಮಾರುವವರು ಕೂಡ ಇದನ್ನು ಕಣ್ಣರಳಿಸಿ ಹೇಳುತ್ತಿದ್ದರು. ಆ ವಿಷಯವನ್ನು ಮಲ್ಲಿಕಮ್ಮನ ಮುಂದೆ ಮಾತ್ರ ಯಾರೂ ತೆಗೆಯುತ್ತಿರಲಿಲ್ಲ. ತೆಗೆದರೆ ಅವಳು ಹೇಳಿದವರ ಮುಖ ಕೂಡ ನೋಡದೆ ಎದ್ದು ಹೋಗುತ್ತಿದ್ದಳು. ಆ ಜೋಕುಮಾರನನ್ನು ತಲೆಯ ಮೇಲೆ ಹೊತ್ತವಳು ಅವಳೇ.

ಮಲ್ಲಿಕಮ್ಮ ಅಂಬಿಗರ ಮನೆಯ ಹೆಣ್ಣುಮಗಳು. ಗಂಡ ದ್ಯಾವಪ್ಪ ಭೀಮಾ ಹೊಳೆಗೆ ಹರಿಗೋಲು ಹಾಕುವವನು. ಅತ್ತೆ ಸಾಯುವ ಮೊದಲು ಬಿದಿರಿನ ಬುಟ್ಟಿಯನ್ನು ಇವಳ ತಲೆಗೆ ದಾಟಿಸಿ, ಹಾಡು ಕಲಿಸಿ, ನೀನಿನ್ನು ಅವನ ತಾಯಿ ಎಂದು ಹೇಳಿ ಹೋಗಿದ್ದಳು. ನಮ್ಮ ಕಡೆ ಬುಟ್ಟಿ ಹೊರುವವಳಿಗೆ ತಾಯಿ ಎಂದೇ ಹೆಸರು. ಮಲ್ಲಿಕಮ್ಮನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಭಾದ್ರಪದ ಬಂತೆಂದರೆ ಅವಳು ಹಿಗ್ಗಿ ಹೋಗುತ್ತಿದ್ದಳು. ಕುಂಬಾರರ ಮನೆಯಿಂದ ಹಸಿ ಮಣ್ಣಿನ ಮೂರ್ತಿ ತಂದು, ತುಟಿಗೆ ಬೆಣ್ಣೆ ಒರೆಸಿ, ಮೀಸೆ ತಿದ್ದಿ, ಬೇವಿನ ಸೊಪ್ಪು ಹಾಸಿ ಕೂರಿಸಿಕೊಂಡು ಬೀದಿಗಿಳಿದರೆ ಅವಳ ದನಿ ಊರಬಾಗಿಲಾದ ಅಗಸಿಯಾಚೆಗೂ ಕೇಳುತ್ತಿತ್ತು. ಮನೆಯವರು ಮೊರದ ತುಂಬ ಜೋಳ ಕೊಟ್ಟರೆ ಇವಳು ಕಾಡಿಗೆ, ಬೇವಿನೆಲೆ, ಒಂದಿಷ್ಟು ಅಂಬಲಿ ಕೊಡುವಳು. ಆ ಅಂಬಲಿಯನ್ನು ಹೊಲಕ್ಕೆ ಚಿಮುಕಿಸಿದರೆ ಬೆಳೆ ಹುಲುಸಾಗುತ್ತದೆಂದು ರೈತರು ಕಾದು ನಿಂತು ಇಸಿದುಕೊಳ್ಳುತ್ತಿದ್ದರು.

ಜೋಕುಮಾರನ ಕತೆ ನಮ್ಮ ಕಡೆ ಹೀಗಿದೆ. ಚೌತಿಗೆ ಗಣಪತಿ ಬಂದ. ದೊಡ್ಡ ಮನೆಯ ಮಗ, ದೊಡ್ಡ ಮನೆಗಳಲ್ಲೇ ಇಳಿದುಕೊಂಡ. ಕಡುಬು ಉಂಡ. ಹೊಟ್ಟೆ ತುಂಬಿದವನಿಗೆ ಏನು ಕಂಡೀತು? ಕೈಲಾಸಕ್ಕೆ ಹಿಂತಿರುಗಿ, ಭೂಮಿಯ ಮೇಲೆ ಎಲ್ಲರೂ ಸುಖವಾಗಿದ್ದಾರೆ ಎಂದು ವರದಿ ಒಪ್ಪಿಸಿಬಿಟ್ಟ. ಅವನ ಬೆನ್ನಿಗೇ ಹುಟ್ಟಿದ ಜೋಕುಮಾರ ಹಾಗಲ್ಲ. ಅಲೆಮಾರಿ, ಪೋಲಿ, ಹೆಣ್ಣು ಕಂಡಲ್ಲಿ ನಿಲ್ಲುವವನು. ಆದರೆ ಕೇರಿಕೇರಿ ಸುತ್ತಿದವನು, ಒಣಗಿದ ಸಜ್ಜೆ ಹೊಲ ನೋಡಿದವನು, ಕಾಳಿಲ್ಲದ ಮಡಕೆಯಲ್ಲಿ ಕೈಯಾಡಿಸಿದವನು. ಅಗಸರ ಹುಡುಗಿಯೊಬ್ಬಳನ್ನು ಕೆಣಕಿದ ತಪ್ಪಿಗೆ ಅಗಸರು ಅವನನ್ನು ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಲೆ ಜಜ್ಜಿ, ಹಳ್ಳದ ಜೇಕು ಹುಲ್ಲಿನಲ್ಲಿ ಎಸೆದು ಓಡಿದರು. ಅವನು ಕೂಡಲೇ ಸಾಯಲಿಲ್ಲ. ಮೂರು ದಿನ ನರಳಿದ. ನರಳಾಟ ಕೇಳಿ ಓಡಿ ಬಂದವಳು ಒಬ್ಬ ಅಂಬಿಗರ ಹೆಣ್ಣು. ಅವಳ ಬುಟ್ಟಿಯಲ್ಲಿ ತಲೆಯಿಟ್ಟು ಪ್ರಾಣ ಬಿಟ್ಟ. ನೇರ ಕೈಲಾಸಕ್ಕೆ ಹೋಗಿ, ಅಲ್ಲಿ ಮಂದಿ ಹಸಿದು ಸಾಯುತ್ತಿದ್ದಾರೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದ. ಆಮೇಲೆ ಮಳೆ ಬಂತು.

ಅದಕ್ಕೇ ಹುಣ್ಣಿಮೆಯ ಸಂಜೆ ಮೂರ್ತಿಯನ್ನು ಹಳ್ಳದ ದಂಡೆಗೆ ಒಯ್ದು, ಮುಳ್ಳಿನ ಬಾರಿಗಿಡದ ಕೆಳಗಿಟ್ಟು, ಒನಕೆಯಿಂದ ತಲೆ ಒಡೆದು, ತಿರುಗಿ ನೋಡದೆ ಬರುವುದು. ಆಮೇಲೆ ಮೂರು ದಿನ ಒಬ್ಬರೂ ಆ ಹಳ್ಳಕ್ಕೆ ಇಳಿಯುವಂತಿಲ್ಲ. ಅಲ್ಲಿ ಅವನು ನರಳುತ್ತಿರುತ್ತಾನೆ, ನೀರು ಮುಟ್ಟಿದವರ ಬಟ್ಟೆಗೆ ನೆತ್ತರ ಕಲೆ ಹತ್ತಿ ಹೋಗುವುದೇ ಇಲ್ಲ. ಅಗಸರ ದುರಗಪ್ಪನಿಗೆ ವರ್ಷದಲ್ಲಿ ಸಿಗುತ್ತಿದ್ದ ರಜೆ ಅದೊಂದೇ. ಮಲ್ಲಿಕಮ್ಮ ಅವನ ಮನೆ ಬಾಗಿಲಲ್ಲೇ ನಿಂತು ಅಗಸರ ವಂಶಕ್ಕೆಲ್ಲ ಶಾಪ ಹಾಕುವ ಹಾಡು ಹೇಳುತ್ತಿದ್ದಳು. ಅವನು ಗೋಡೆಗೆ ಒರಗಿ ಕುಳಿತು ನಗುನಗುತ್ತಾ ಕೇಳಿ, ಬೊಗಸೆ ಜೋಳ ಹಾಕಿ ಕಳಿಸುತ್ತಿದ್ದ.

ಈ ಬುಟ್ಟಿಗೆ ಇನ್ನೊಂದು ಸಾಮಾನು ಬೇಕಾಗುತ್ತಿತ್ತು. ಬೇವಿನ ಸೊಪ್ಪಿನ ಮೇಲೆ, ಮೂರ್ತಿಯ ಕೆಳಗೆ ಹಾಸಲು ಅಂಗೈಯಗಲದ ಒಂದು ಗಾದಿ. ಅದನ್ನು ಮಾಡಿಕೊಡುತ್ತಿದ್ದವನು ಪಿಂಜಾರ ಚಾಂದಪಾಶಾ. ಅವನ ಅಪ್ಪನೂ ಮಾಡಿಕೊಟ್ಟಿದ್ದ, ಅಜ್ಜನೂ ಮಾಡಿಕೊಟ್ಟಿದ್ದ. ಅಷ್ಟಮಿಯ ಮುಂಜಾನೆ ಹೊಸ ಹತ್ತಿ ಹಿಂಜಿ, ಕೆಂಪು ಬಟ್ಟೆಯಲ್ಲಿ ತುಂಬಿ, ನಾಲ್ಕು ಮೂಲೆಗೆ ಗೊಂಡೆ ಕಟ್ಟಿ ತಂದುಕೊಡುವನು. ಊರಿನ ಮದುವೆಯ ಗಾದಿ, ಬಾಣಂತಿಯ ಗಾದಿ, ಮುದುಕರು ಸಾಯುವ ಗಾದಿ ಎಲ್ಲ ಅವನ ಕೈಯವೇ. ಜೋಕುಮಾರನ ಗಾದಿ ಕೊಡುವಾಗ ಮಾತ್ರ, ಇಷ್ಟು ಸಣ್ಣ ಹಾಸಿಗೆಯಲ್ಲಿ ಮಲಗುವ ಗಿರಾಕಿ ನನಗೆ ಇವನೊಬ್ಬನೇ ಎಂದು ತಮಾಷೆ ಮಾಡುತ್ತಿದ್ದ. ಅವನಿಗೆ ಮಲ್ಲಿಕಮ್ಮ ಮಲ್ಲಕ್ಕ. ರಂಜಾನಿಗೆ ಅವನ ಹೆಂಡತಿ ಹುಸೇನಬಿ ಸುರಕುಂಬಾ ಪಾಯಸ ಕಳಿಸಿದರೆ, ದೀಪಾವಳಿಗೆ ಇವಳ ಮನೆಯ ಹೋಳಿಗೆ ಅತ್ತ ಹೋಗುತ್ತಿತ್ತು.

ಹೈದರಾಬಾದ ಸಂಸ್ಥಾನ ಅಲುಗಾಡುತ್ತಿದ್ದ ವರ್ಷ ಅದು. ಬೇಸಿಗೆಯಲ್ಲಿ ಹೊರಗಿನಿಂದ ಬಂದ, ನಿಜಾಮನ ಕಡೆಯ ರಜಾಕಾರರ ಗುಂಪೊಂದು ಅಂಬಿಗರ ಕೇರಿಗೆ ನುಗ್ಗಿ ದಂಡೆಯ ಮೇಲಿದ್ದ ಹರಿಗೋಲುಗಳನ್ನು ಸುಟ್ಟಿತ್ತು. ದ್ಯಾವಪ್ಪನ ತಮ್ಮ ಅಂಬಣ್ಣ ಅಡ್ಡ ಹೋದ. ಅವನ ಗುಡಿಸಲಿಗೆ ಬೆಂಕಿ ಇಟ್ಟು, ಅವನನ್ನು ಕಂಬಕ್ಕೆ ಕಟ್ಟಿ ಬೆನ್ನ ಮೇಲಿನ ಚರ್ಮ ಕಿತ್ತು ಬರುವ ಹಾಗೆ ಹೊಡೆದರು. ಅವರು ಹೋದ ಮೇಲೆ ಆ ಬೆನ್ನಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು ಶುಶ್ರೂಷೆ ಮಾಡಿದವನು ಇದೇ ಚಾಂದಪಾಶಾ. ಗಾಯ ಮಾಯುತ್ತಲೂ ಅಂಬಣ್ಣ ಗಡಿ ದಾಟಿ ಮುಂಬೈ ಸರಕಾರದ ಸೀಮೆಯಲ್ಲಿದ್ದ ಹೋರಾಟಗಾರರ ಶಿಬಿರ ಸೇರಿಕೊಂಡ. ಬೆನ್ನಿನ ಗಾಯ ಮಾಯ್ದಿತ್ತು, ಅಷ್ಟೆ.

ಆ ಭಾದ್ರಪದದಲ್ಲಿ ಜೋಕುಮಾರ ಹುಟ್ಟಿದ ಬೆನ್ನಿಗೇ ಹಿಂದೂಸ್ತಾನದ ಫೌಜು ನಾಲ್ಕೂ ದಿಕ್ಕಿನಿಂದ ಸಂಸ್ಥಾನದೊಳಗೆ ಬರುತ್ತಿದೆ ಎಂಬ ಸುದ್ದಿ ಹಬ್ಬಿತು. ಜನ ಬಾಗಿಲು ಹಾಕಿಕೊಂಡರು. ಆದರೂ ಮಲ್ಲಿಕಮ್ಮ ಬುಟ್ಟಿ ಇಳಿಸಲಿಲ್ಲ. ಗೌಡ ದೇವಿಂದ್ರಪ್ಪ ಹೆದರಿ ತನ್ನ ಮನೆಯ ಹೆಂಗಸರನ್ನು ಆಚೆ ದಂಡೆಯ ಬೀಗರ ಊರಿಗೆ ಕಳಿಸಿದ. ಅವರನ್ನು ಹೊಸದಾಗಿ ಕಟ್ಟಿದ ಹರಿಗೋಲಿನಲ್ಲಿ ದಾಟಿಸಲು ಹೋದ ದ್ಯಾವಪ್ಪ ಹೊಳೆ ಏರಿದ್ದರಿಂದ ಅಲ್ಲೇ ಸಿಕ್ಕಿಬಿದ್ದ. ಊರಿನ ನಾಲ್ಕಾರು ಮುಸಲ್ಮಾನ ಮನೆಗಳೂ ಖಾಲಿಯಾದವು. ಚಾಂದಪಾಶಾ ಹುಸೇನಬಿಯನ್ನು ಯಾದಗಿರಿಯ ತವರಿಗೆ ಕಳಿಸಿ ತಾನೊಬ್ಬನೇ ಉಳಿದ. ನೀನೂ ಹೋಗು ಎಂದು ಮಲ್ಲಿಕಮ್ಮ ಬೈದು ಹೇಳಿದಳು.

"ನಾ ಯಾರಿಗೇನ ಮಾಡೀನಿ ಮಲ್ಲಕ್ಕಾ" ಎಂದ ಅವನು. "ಈ ಊರಾಗ ನನ್ನ ಗಾದಿ ಮ್ಯಾಲ ಮಲಗದಾಂವ ಒಬ್ಬನ ಹೆಸರ ಹೇಳು, ಹೋಗ್ತೀನಿ."

ಹುಣ್ಣಿಮೆಯ ಮಧ್ಯಾಹ್ನ ನಿಜಾಮ ಶರಣಾದ ಸುದ್ದಿ ಬಂತು. ಸುದ್ದಿಯ ಬೆನ್ನಿಗೇ ಶಿಬಿರದಿಂದ ಅಂಬಣ್ಣ, ಅವನ ಜೊತೆಯ ಹುಡುಗರು ಬಂದರು. ಜನ ಅವರನ್ನು ಅಗಸಿಯಲ್ಲಿ ಗುಲಾಲು ಹಾಕಿ ಬರಮಾಡಿಕೊಂಡಿತು. ಊರಿಗೆ ಸ್ವಾತಂತ್ರ್ಯ ಬಂದಿತ್ತು, ಅದನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಖಾಲಿ ಮನೆಗಳ ಬಾಗಿಲು ಒಡೆಯುವುದು ಶುರುವಾಯಿತು. ಕೊನೆಯದಾಗಿ ಒಡೆದ ಮನೆ ಖಾಲಿ ಇರಲಿಲ್ಲ.

ಹೆಂಗಸರು ಜೋಕುಮಾರನನ್ನು ಹೊತ್ತು ಹಳ್ಳದ ಕಡೆ ಹೊರಟಾಗ ಕೇರಿಯಲ್ಲಿ ಹತ್ತಿ ಹಾರಾಡುತ್ತಿತ್ತು. ಮಲ್ಲಿಕಮ್ಮ ನೋಡಿದಳು, ಯಾರ ಮನೆಯ ಹತ್ತಿಯೆಂದು ತಿಳಿಯಿತು. ಆದರೆ ಬುಟ್ಟಿ ಹೊತ್ತವಳು ನಿಲ್ಲುವಂತಿಲ್ಲ. ದಂಡೆಯ ಮೇಲೆ ಎಲ್ಲ ಪದ್ಧತಿಯಂತೆ ನಡೆಯಿತು. ಪಕ್ಕದ ಮನೆಯ ಹಣಮಂತಮ್ಮ ಒನಕೆ ಎತ್ತಿ ಮೂರ್ತಿಯ ತಲೆ ಒಡೆದಳು. ಹೆಂಗಸರು ಬಾಯಿ ಬಡಿದುಕೊಂಡು ಅತ್ತು ಹೊರಟರು. ಕಡೆಯ ಅಂಬಲಿ ಹೊಯ್ಯುವುದು ತಾಯಿಯ ಕೆಲಸವಾದ್ದರಿಂದ ಮಲ್ಲಿಕಮ್ಮ ಒಬ್ಬಳೇ ಹಿಂದೆ ಉಳಿದಳು. ಆಗ ಜೇಕಿನೊಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು.

ಚಾಂದಪಾಶಾ ಒಗೆಯುವ ಕಲ್ಲುಗಳ ಹಿಂದೆ ಬಿದ್ದಿದ್ದ. ಕೊಡಲಿಯ ಕಾವಿನ ಹೊಡೆತಕ್ಕೆ ತಲೆ ಒಡೆದಿತ್ತು, ಕಾಲು ಮುರಿದಿತ್ತು. ಸತ್ತನೆಂದು ತಿಳಿದು ಹಳ್ಳದ ಏರಿಯಿಂದ ಕೆಳಗೆ ದೂಡಿದ್ದರು. ತೆವಳಿಕೊಂಡು ಕಲ್ಲಿನ ತನಕ ಬಂದಿದ್ದ. ನೀರು ಕೇಳಿದ. ಮಲ್ಲಿಕಮ್ಮ ಜೋಕುಮಾರನಿಗೆ ಹೊಯ್ಯಬೇಕಿದ್ದ ಅಂಬಲಿಯನ್ನು ಅವನ ಬಾಯಿಗೆ ಹೊಯ್ದಳು. ಬುಟ್ಟಿಯೊಳಗಿನ ಗಾದಿ ತೆಗೆದು ತಲೆಯ ಗಾಯಕ್ಕೆ ಒತ್ತಿ, ತನ್ನ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದಳು. ಯಾರು ಹೊಡೆದರು ಎಂದು ಅವಳು ಕೇಳಲಿಲ್ಲ.

"ಅಂಬಣ್ಣ ನನ್ನ ಗುರುತ ಹಿಡೀಲಿಲ್ಲ, ಮಲ್ಲಕ್ಕಾ" ಎಂದ ಅವನೇ.

ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ವಿಚಾರ ಮಾಡಿದಳು. ಊರೊಳಗೆ ಒಯ್ದರೆ ಉಳಿಸುವುದಿಲ್ಲ. ಅವಳ ಮನೆಯಲ್ಲೇ ಅಂಬಣ್ಣ ಇಳಿದಿದ್ದಾನೆ. ಇಲ್ಲಿಯಾದರೆ ಮೂರು ದಿನ ನರಪಿಳ್ಳೆ ಸುಳಿಯುವುದಿಲ್ಲ. ಇಡೀ ನೀರಲಗುಂಡಿಯಲ್ಲಿ ಇದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ. ಅಷ್ಟರಲ್ಲಿ ಹೊಳೆ ಇಳಿಯುತ್ತದೆ, ದ್ಯಾವಪ್ಪ ಬರುತ್ತಾನೆ, ಹರಿಗೋಲಿನಲ್ಲಿ ಮಲಗಿಸಿಕೊಂಡು ಯಾದಗಿರಿಗೆ ಮುಟ್ಟಿಸುತ್ತಾನೆ. ತಾನು ದಿನಕ್ಕೆರಡು ಸಲ ಕದ್ದು ಬಂದು ನೀರು, ಗಂಜಿ ಕೊಟ್ಟು ಹೋದರಾಯಿತು. ಹೀಗೆ ಲೆಕ್ಕ ಹಾಕಿ, ನಸುಕಿನಲ್ಲಿ ಬರುತ್ತೇನೆಂದು ಅವನ ಕೈ ಮೇಲೆ ಕೈಯಿಟ್ಟು ಹೇಳಿ, ಅವನನ್ನು ಜೇಕಿನೊಳಗೆ ಸರಿಸಿ, ಮೇಲೆ ಬಾರಿಮುಳ್ಳಿನ ಟೊಂಗೆ ಎಳೆದು ಮನೆಗೆ ಬಂದಳು.

ಹುಟ್ಟಿದಂದಿನಿಂದ ನೋಡಿದ ಪದ್ಧತಿಯ ಅರ್ಧವನ್ನು ಅವಳು ಮರೆತಿದ್ದಳು. ಮೂರು ದಿನ ಹಳ್ಳಕ್ಕೆ ಯಾರೂ ಹೋಗುವುದಿಲ್ಲ, ನಿಜ. ಆ ಮೂರು ದಿನ ಜೋಕುಮಾರನ ತಾಯಿಯನ್ನೂ ಯಾರೂ ಒಂಟಿ ಬಿಡುವುದಿಲ್ಲ. ಮಗ ಸತ್ತ ಮನೆ ಅದು. ಕೇರಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ಸುತ್ತ ಕೂರುತ್ತಾರೆ, ಪಕ್ಕದಲ್ಲೇ ಮಲಗುತ್ತಾರೆ, ಬಯಲಿಗೆ ಹೋದರೂ ಇಬ್ಬರು ಜೊತೆಗಿರುತ್ತಾರೆ, ಅದೂ ಹಳ್ಳದ ದಿಕ್ಕು ಬಿಟ್ಟು. ಪ್ರತಿ ವರ್ಷ ಆ ಹರಟೆ, ಆ ಬುತ್ತಿ ಅವಳಿಗೆ ಖುಷಿಯಾಗಿಯೇ ಇತ್ತು. ಈಗ ಮೂಲೆಯಲ್ಲಿ ಕಂಬಳಿಯ ಮೇಲೆ ಕುಳಿತು ಒಬ್ಬೊಬ್ಬರ ಮುಖ ನೋಡಿದಳು. ಯಾರಿಗೆ ಹೇಳುವುದು? ಹಣಮಂತಮ್ಮನ ಮಗ ಅಂಬಣ್ಣನ ಗುಂಪಿನಲ್ಲಿದ್ದ. ಆಚೆಯವಳ ತಮ್ಮ ಇದ್ದ. ಅದರಾಚೆಯವಳ ಗಂಡ ಇದ್ದ. ಅಲ್ಲಿ ಕುಳಿತವರಲ್ಲಿ ಕೊಡಲಿ ಇಲ್ಲದ ಮನೆಯವಳು ಒಬ್ಬಳೂ ಇರಲಿಲ್ಲ.

ಮರುದಿನ ಹೊತ್ತು ಇಳಿಯುವಾಗ ನರಳಾಟ ಕೇಳಿಸಿತು.

ಹಿಂದೆಯೂ ಪ್ರತಿ ವರ್ಷ ಜನ ನರಳಾಟ ಕೇಳಿದೆವು ಎನ್ನುತ್ತಿದ್ದರು. ಗಾಳಿಗೆ ಜೇಕು ಸರಗುಟ್ಟಿದರೂ ಕೈ ಮುಗಿಯುತ್ತಿದ್ದರು. ಒಬ್ಬರು ಕೇಳಿತು ಎಂದರೆ ಇನ್ನೊಬ್ಬರು ಇಲ್ಲ ಎನ್ನಲಾರದೆ ಹೂಂ ಎನ್ನುತ್ತಿದ್ದರು. ಈ ಸಲ ನಿಜವಾಗಿ ಕೇಳಿತು. ಊರು ಮೊದಲು ಬೆಚ್ಚಿಬಿತ್ತು, ಆಮೇಲೆ ಹಿಗ್ಗಿತು. ಹನುಮಪ್ಪನ ಗುಡಿಯ ಕಟ್ಟೆಗೆ ಜನ ಕೂಡಿತು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದು ಕೇಳಿಸಿದರು. ಮುದುಕರು ಈ ವರ್ಷ ಬೆಳೆ ಚಿನ್ನವಾಗುತ್ತದೆ ಎಂದರು. ಕೊಡಲಿ ಬೀಸಿದ್ದ ಹುಡುಗರು ರುಮಾಲು ತೆಗೆದು ಹಳ್ಳದ ದಿಕ್ಕಿಗೆ ಉದ್ದಕ್ಕೂ ಅಡ್ಡಬಿದ್ದರು. ಒಬ್ಬ ಹಳ್ಳದ ಏರಿಯ ತನಕ ಹೋಗಿ ತೆಂಗಿನಕಾಯಿ ಒಡೆದು ಬಂದ. ಒಂದು ಊದಿನಕಡ್ಡಿ ಉರಿದು ಮುಗಿಯುವುದರೊಳಗೆ ನಡೆದು ಮುಟ್ಟುವಷ್ಟು ದೂರದಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದ.

ಅಂಬಣ್ಣ ಉಣ್ಣಲು ಬಂದವನು ತಾಟನ್ನು ಪಕ್ಕಕ್ಕೆ ಸರಿಸಿದ.

"ಅತ್ತಿಗಿ, ಈ ವರ್ಷ ಜೋಕಮಾರ ಖರೇನ ನರಳಾಕತ್ಯಾನ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ನೀರು ನೋಡಿ ಮಲ್ಲಿಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು, ಪಾಪ, ತಾಯಿ ಕರುಳು ಎಂದು ಮಾತಾಡಿಕೊಂಡರು.

ಎರಡನೆಯ ದಿನ ಮುಂಜಾನೆ ಫೌಜಿನ ಲಾರಿ ಬಂತು. ಬಿಳಿ ಬಟ್ಟೆಯ ಮೇಲೆ ಕೆಂಪು ಗುರುತು ಬರೆದ ಬಾವುಟ ಕಟ್ಟಿತ್ತು. ಲಾರಿ ಅಗಸಿಯ ಪಕ್ಕದಲ್ಲಿ, ಮಲ್ಲಿಕಮ್ಮನ ಮನೆಯ ಎದುರಿಗೇ ನಿಂತಿತು. ಖಾಕಿಯ ಅಧಿಕಾರಿಯೊಬ್ಬ ಇಳಿದು ಹಿಂದೂಸ್ತಾನಿಯಲ್ಲಿ ವಿಚಾರಿಸಿದ. ಗೌಡ ದೇವಿಂದ್ರಪ್ಪ ತನ್ನ ಕಚೇರಿ ಉರ್ದುವಿನಲ್ಲಿ ಉತ್ತರ ಕೊಟ್ಟ. ಗಾಯವಾದವರು, ಏಟು ತಿಂದವರು ಯಾರಾದರೂ ಇದ್ದಾರೆಯೇ ಎಂದು ಅಧಿಕಾರಿ ಕೇಳಿದ. ಯಾರೂ ಇಲ್ಲ, ನಮ್ಮದು ಶಾಂತವಾದ ಊರು ಎಂದ ಗೌಡ. ಅಷ್ಟು ಹೇಳಿ ಬಾಯಿ ಮುಚ್ಚುವುದರೊಳಗೆ ಹಳ್ಳದಿಂದ ದನಿ ಬಂತು. ಅಧಿಕಾರಿ ತಲೆ ಹೊರಳಿಸಿ, ಅದೇನು ಎಂದ.

ಅದು ನಮ್ಮ ದೇವರು ಎಂದು ಗೌಡ ಜಂಬದಿಂದ ಹೇಳಿದ. ಜೋಕುಮಾರನ ಕತೆಯನ್ನೆಲ್ಲ ಬಿಡಿಸಿ ಹೇಳಿದ. ಅಗೋ ಅವನ ತಾಯಿ ಎಂದು ಹೊಸ್ತಿಲಲ್ಲಿ ನಿಂತಿದ್ದ ಮಲ್ಲಿಕಮ್ಮನನ್ನು ತೋರಿಸಿದ. ಅಧಿಕಾರಿ ಅವಳ ಕಡೆ ತಿರುಗಿ, ಹೌದೇನಮ್ಮಾ ಎನ್ನುವಂತೆ ಹುಬ್ಬೇರಿಸಿದ.

ಆದ್ಮಿ, ಮನುಷ್ಯ, ಎಂಬ ಒಂದು ಮಾತು ಸಾಕಾಗಿತ್ತು. ಅದು ಅವಳ ಹಲ್ಲಿನ ತನಕ ಬಂದಿತ್ತು. ಆದರೆ ಅಧಿಕಾರಿಯ ಪಕ್ಕದಲ್ಲೇ ಅಂಬಣ್ಣ ನಿಂತಿದ್ದ, ಅವನ ಹಿಂದೆ ಅವನ ಹುಡುಗರು. ಮುಸಲ್ಮಾನರನ್ನು ಲಾರಿಗೆ ತುಂಬಿಕೊಂಡು ಹೋದವರು ಎಲ್ಲಿ ಒಯ್ದರೋ ತಿಳಿಯದು ಎಂದು ಹಿಂದಿನ ದಿನ ಹೆಂಗಸರು ಅವಳ ಸುತ್ತ ಕುಳಿತೇ ಆಡಿಕೊಂಡಿದ್ದರು. ಈ ಲಾರಿ ಎಂಥದ್ದು? ಹೇಳಿ ಕೊಟ್ಟು ತಾನೇ ಅವನನ್ನು ಸಾಯಿಸಿದ ಹಾಗಾದರೆ? ಇವತ್ತು ಸಂಜೆ ದ್ಯಾವಪ್ಪ ಬಂದರೆ? ಬಾಯಿ ತೆರೆದರೆ ಅಳು ಬಂತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಧಿಕಾರಿ ಒಳ್ಳೆಯವನಿರಬೇಕು. ಹಣೆಗೆ ಕೈ ಮುಟ್ಟಿಸಿ ಅವಳಿಗೆ ನಮಸ್ಕಾರ ಮಾಡಿ ಲಾರಿ ಹತ್ತಿದ. ಧೂಳು ಅಡಗಿದ ಮೇಲೂ ಹಳ್ಳದ ದನಿ ಕೇಳುತ್ತಲೇ ಇತ್ತು.

ಮೂರನೆಯ ದಿನ ಊಟದ ಹೊತ್ತಿಗೆ ಅದು ನಿಂತಿತು. ಸಂಜೆ ಮಳೆ ಬಂತು. ಊರವರು ಅಂಗಳಕ್ಕಿಳಿದು ನೆನೆದರು. ಜೋಕುಮಾರ ಕೈಲಾಸ ಮುಟ್ಟಿದ, ನಮ್ಮ ಸುದ್ದಿ ಹೇಳಿದ ಎಂದು ಕೂಗಾಡಿದರು. ಯಾವ ಸುದ್ದಿ ಹೇಳಿದನೋ. ಕತೆಯಲ್ಲಿ ಅಂಬಿಗರ ಹೆಣ್ಣು ನರಳಾಟ ಕೇಳಿ ಓಡಿ ಹೋಗಿದ್ದಳು ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನೆನಪಾದವಳು ಒಳಗೆ ಕಂಬಳಿಯ ಮೇಲೆ ಗೋಡೆಗೆ ಮುಖ ಮಾಡಿ ಬಿದ್ದಿದ್ದಳು.

ನಾಲ್ಕನೆಯ ದಿನ ಬೆಳಗಾಗುವಾಗ ಬಟ್ಟೆಯ ಗಂಟು ಹೊತ್ತು ಹಳ್ಳಕ್ಕೆ ಹೋದ ದುರಗಪ್ಪ ಗಂಟನ್ನು ಅಲ್ಲೇ ಬಿಟ್ಟು ನೇರ ಮಲ್ಲಿಕಮ್ಮನ ಮನೆಗೆ ಬಂದ. ಹೆಂಗಸರು ಎದ್ದು ಹೋಗಿದ್ದರು. ಅಂಬಣ್ಣ ಮನೆಯಲ್ಲಿರಲಿಲ್ಲ. ಅದೇ ಆಗ ಹೊಳೆ ದಾಟಿ ಬಂದ ದ್ಯಾವಪ್ಪ ಹುಟ್ಟನ್ನು ಗೋಡೆಗೆ ಒರಗಿಸುತ್ತಿದ್ದ. ದುರಗಪ್ಪ ಅಂಗಳದಲ್ಲಿ ನಿಂತೇ ಮಾತಾಡಿದ.

"ನಿಮ್ಮ ಸೀರಿ ಅಂಚಿನ ಗುರುತು ನನಗ ಗೊತ್ತೈತಿ ಯವ್ವಾ. ವರ್ಷಾ ವರ್ಷಾ ಆ ಖೂನಿ ನಮ್ಮ ಅಗಸರ ಮ್ಯಾಲ ಹಾಕಿ ಹಾಡ್ತೀರಿ, ನಾವು ಕೇಳ್ಕೊಂಡ ಬಂದೀವಿ. ಈ ವರ್ಷದ್ದು ಯಾರ ಮ್ಯಾಲ ಹಾಕ್ತೀರಿ?"

ಜೇಕಿನಲ್ಲಿ ಬಿದ್ದವನು ಯಾರೆಂದು ಮಲ್ಲಿಕಮ್ಮ ಗಂಡನಿಗೆ ಹೇಳಿದಳು. ಇಬ್ಬರು ಗಂಡಸರೂ ಸೇರಿ ಬಾರಿಗಿಡದ ಬುಡದಲ್ಲಿ ಕುಣಿ ತೋಡಿದರು. ತಲೆಗೆ ಅಂಟಿಕೊಂಡಿದ್ದ ಗಾದಿಯನ್ನು ಕೀಳಲು ಅವರಿಗೆ ಮನಸ್ಸಾಗಲಿಲ್ಲ, ಹಾಗೇ ಮಣ್ಣು ಮಾಡಿದರು. ಅವರ ಧರ್ಮದ ಮಾತು ಇಬ್ಬರಿಗೂ ಬರುತ್ತಿರಲಿಲ್ಲ. ದ್ಯಾವಪ್ಪ ಅವನ ಹೆಸರನ್ನಷ್ಟೇ ಹೇಳಿ ಮಣ್ಣು ಎಳೆದ. ಮನೆಗೆ ಬಂದ ಮೇಲೆ, ಆಚೆ ದಂಡೆಯಲ್ಲಿ ತಾನು ಕಂಡದ್ದನ್ನು ಹೆಂಡತಿಗೆ ಹೇಳಿದ. ಕೆಂಪು ಗುರುತಿನ ಬಾವುಟದ ಲಾರಿ, ಅದರೊಳಗೆ ಗಾದಿಗಳ ಮೇಲೆ ಮಲಗಿದ್ದ ಗಾಯಾಳುಗಳು, ಗಡ್ಡದವರೂ ಇದ್ದರು, ಗಂಧದವರೂ ಇದ್ದರು. ಒಬ್ಬ ಸಿಪಾಯಿ ಒಂದೇ ಚೊಂಬಿನಿಂದ ಎಲ್ಲರಿಗೂ ನೀರು ಕುಡಿಸುತ್ತಿದ್ದನಂತೆ. ಅವನು ಇದನ್ನು ಯಾವ ಉದ್ದೇಶವೂ ಇಲ್ಲದೆ, ಕಂಡದ್ದು ಕಂಡ ಹಾಗೆ ಹೇಳಿದ. ಮಲ್ಲಿಕಮ್ಮ ಅವತ್ತಿನಿಂದ ಗಂಡನ ಜೊತೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ತಪ್ಪು ಅವನದೇನೂ ಅಲ್ಲ. ಆದರೂ ಮಾತಾಡಲಿಲ್ಲ.

ಮರುವರ್ಷ ಬೆಳೆ ನಿಜವಾಗಿಯೂ ಹುಲುಸಾಗಿ ಬಂತು. ನೀರಲಗುಂಡಿಯ ಜೋಕುಮಾರ ಸುತ್ತೆಲ್ಲ ಹೆಸರಾದ. ವನದುರ್ಗದಿಂದ, ಶಹಾಪುರದಿಂದ ಜನ ಬರತೊಡಗಿದರು. ಮಲ್ಲಿಕಮ್ಮ ಬುಟ್ಟಿ ಹೊರುವುದಿಲ್ಲ ಎಂದು ಹಟ ಹಿಡಿದಳು. ಕೇರಿಯ ಹಿರಿಯರು ಬಂದು ಕುಳಿತರು, ನಿನ್ನ ತಲೆಯ ಮೇಲಿದ್ದಾಗಲೇ ಅವನು ಪ್ರತ್ಯಕ್ಷನಾದದ್ದು ಎಂದು ಒತ್ತಾಯಿಸಿದರು. ಹೊತ್ತಳು. ಹಾಡಿದಳು. ಅಗಸರನ್ನು ಶಪಿಸುವ ಜಾಗ ಬಂದಾಗ ಅಷ್ಟನ್ನು ಬಿಟ್ಟು ಮುಂದಕ್ಕೆ ಹಾರಿದಳು. ದುರಗಪ್ಪನ ಬಾಗಿಲಲ್ಲಿ ಹಾಗೆ ಹಾರಿದಾಗ ಅವನು ತಲೆ ತಗ್ಗಿಸಿದ. ಬೇರೆ ಯಾರಿಗೂ ಗೊತ್ತಾಗಲಿಲ್ಲ, ಹಾಡನ್ನು ಯಾರು ಕೇಳುತ್ತಿದ್ದರು.

ಅಂಬಣ್ಣನಿಗೆ ಗೊತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಆ ವರ್ಷದಿಂದ ಜೋಕುಮಾರನ ಮೇಲೆ ಅವನ ಭಕ್ತಿ ಮಾತ್ರ ಮಿತಿಮೀರಿತು. ಉಪವಾಸ ಮಾಡುತ್ತಿದ್ದ, ಬರಿಗಾಲಲ್ಲಿ ಬುಟ್ಟಿಯ ಹಿಂದೆ ನಡೆಯುತ್ತಿದ್ದ. ಚಾಂದಪಾಶಾ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದದ್ದನ್ನು ಕಣ್ಣಾರೆ ಕಂಡೆ ಎಂದು ಊರಿಗೆಲ್ಲ ಹೇಳಿದವನೂ ಅವನೇ.

ಆ ಮಾತು ಹುಸೇನಬಿಯ ಕಿವಿಗೂ ಬಿತ್ತು. ಅವಳು ಯಾದಗಿರಿಯಲ್ಲಿ ಕೌದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ಗಂಡ ಹೋದ ಎರಡನೆಯ ವರ್ಷದ ಅಷ್ಟಮಿಗೆ ಒಬ್ಬಳೇ ನಡೆದು ಬಂದಳು, ಕಂಕುಳಲ್ಲಿ ಅಂಗೈಯಗಲದ ಗಾದಿ. ಅವರ ಮನೆತನದ ಕೈ ತಪ್ಪಬಾರದೆಂದು ಅವನು ಹೇಳುತ್ತಿದ್ದನಂತೆ, ಬಂದ ಮೇಲೆ ಬೈದಾನು ಎಂದು ತಾನೇ ಹೊಲಿದು ತಂದಿದ್ದಳು. ಕೈ ತುಂಬ ಹಸಿರು ಬಳೆ ಇದ್ದವು. ಮಲ್ಲಿಕಮ್ಮ ಗಾದಿ ಇಸಿದುಕೊಂಡಳು, ನೀರು ಕೊಟ್ಟಳು, ಊಟಕ್ಕಿಟ್ಟಳು. ಹೇಳಬೇಕೆಂದು ಬಾಯಿ ತೆರೆದವಳು ಆ ಬಳೆ ನೋಡಿ, ಇನ್ನಷ್ಟು ಸಾರು ಹಾಕಲೇನು ಎಂದು ಕೇಳಿದಳು. ವರ್ಷ ವರ್ಷ ಹೀಗೇ ನಡೆಯಿತು. ಹೇಳಿದರೆ ಪೂರ್ತಿ ಹೇಳಬೇಕು. ಲಾರಿಯ ದಿನದ ಮಾತನ್ನೂ ಹೇಳಬೇಕು. ಅದು ಅವಳಿಂದ ಆಗಲಿಲ್ಲ.

ಸಂಸ್ಥಾನ ಹರಿದು ಹಂಚಿಹೋಗಿ, ನಮ್ಮ ಜಿಲ್ಲೆಗಳು ಕನ್ನಡ ಸೀಮೆಯ ಜೊತೆ ಕೂಡುತ್ತವೆ ಎಂದು ಎಲ್ಲರೂ ಸಂಭ್ರಮಿಸುತ್ತಿದ್ದ ವರ್ಷ, ಅಂಬಣ್ಣ ಪಂಚಾಯಿತಿ ಮೆಂಬರಾಗಿದ್ದ. ಜೋಕುಮಾರ ನರಳಿದ ಜಾಗಕ್ಕೆ ಕಲ್ಲಿನ ಕಟ್ಟೆ ಕಟ್ಟಿಸುತ್ತೇನೆಂದು ಹೊರಟ, ಬಾರಿಗಿಡದ ಬುಡಕ್ಕೆ ಸರಿಯಾಗಿ. ಮಲ್ಲಿಕಮ್ಮ ಅಲ್ಲಿ ಬೇಡ ಎಂದಳು. ಯಾಕೆ ಎಂದು ಅವನು ಕೇಳಿದ.

"ಯಾಕ ಅಂತ ನೀನ ಹೇಳು" ಎಂದಳು ಅವಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಂಬಣ್ಣನ ಮುಖದ ಮೇಲಿನ ನೆತ್ತರು ಇಳಿದು ಹೋಯಿತು. ಆಮೇಲೆ ಕಲ್ಲು ಕಟ್ಟುವ ಗೌಂಡಿಯವರನ್ನು ಕೂಗಿ ಕರೆದು ಕೆಲಸ ಶುರು ಮಾಡಿಸಿದ.

ಹುಣ್ಣಿಮೆಯ ದಿನ ಕಟ್ಟೆಗೆ ಪೂಜೆ. ಅಷ್ಟಮಿಗೆ ಬಂದಿದ್ದ ಹುಸೇನಬಿಯನ್ನು ಹಬ್ಬ ನೋಡಿ ಹೋಗು ಎಂದು ಹೆಂಗಸರು ಉಳಿಸಿಕೊಂಡಿದ್ದರು. ದಂಡೆಯ ತುಂಬ ಜನ. ಒಂದು ಕಾಲದಲ್ಲಿ ಪಿಂಜಾರರ ಮನೆಯಿಂದ ಗಾದಿ ಬರುತ್ತಿತ್ತು, ಈಗಲೂ ಬರುತ್ತಿದೆ, ನಮ್ಮ ಊರೆಂದರೆ ಇದು ಎಂದು ಗೌಡ ದೇವಿಂದ್ರಪ್ಪ ಭಾಷಣ ಮಾಡಿದ. ಗಾದಿಯನ್ನು ಅವಳ ಕೈಯಿಂದಲೇ ಕಟ್ಟೆಯ ಮೇಲೆ ಇಡಿಸಿದರು. ಹುಸೇನಬಿ ಇಟ್ಟು, ಸೆರಗು ಒಡ್ಡಿ, ನನ್ನ ಮನಿಯಾವನ್ನ ಕರಕೊಂಡು ಬಾ ಯಪ್ಪಾ ಎಂದು ಆ ಕಲ್ಲಿಗೆ ಹಣೆ ಹಚ್ಚಿದಳು. ಎಷ್ಟೋ ಹೊತ್ತು ಹಣೆ ಎತ್ತಲಿಲ್ಲ.

ಮಲ್ಲಿಕಮ್ಮನ ಕೈಯಲ್ಲಿದ್ದ ಕಾಡಿಗೆ ಬಟ್ಟಲು ಬಿದ್ದು ಹೋಯಿತು.

"ಎಲ್ಲಿಂದ ಕರಕೊಂಡ ಬರಬೇಕ ಹುಸೇನಬಿ" ಎಂದಳು. "ಅಂವ ಇಲ್ಲೇ ಅದಾನ. ನೀ ಗಾದಿ ಇಟ್ಟದ್ದು ಅವನ ಎದಿ ಮ್ಯಾಲ. ಆ ವರ್ಷ ಮೂರು ದಿನ ನರಳಿದಾಂವ ದೇವರಲ್ಲ, ಚಾಂದಪಾಶಾ. ಹೊಡದಾವರು ಇಲ್ಲೇ ಕೈಮುಗದ ನಿಂತಾರ ನೋಡು."

ಅಂಬಣ್ಣ ಮೊದಲು ಎಚ್ಚೆತ್ತ. ಎರಡು ಹೆಜ್ಜೆ ಮುಂದೆ ಬಂದು ಮಲ್ಲಿಕಮ್ಮನ ಕಾಲಿಗೆ ಬಿದ್ದ.

"ತಾಯಿ ಮೈಯಾಗ ಜೋಕಮಾರ ಬಂದಾನ" ಎಂದು ಕೂಗಿದ. "ಕಾಯಿ ತರ್ರಿ."

ಜನಕ್ಕೆ ಬೇಕಾಗಿದ್ದದ್ದು ಅದೇ. ಹಲಗೆ ಬಾರಿಸುವವರು ಬಡಿಯತೊಡಗಿದರು. ಹೆಂಗಸರು ಅರಿಸಿನ ಎರಚಿದರು. ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಅವಳ ಪಾದದ ಮಣ್ಣು ಹಣೆಗೆ ಹಚ್ಚಿಕೊಂಡರು. ನಾನು ಮಲ್ಲಿಕಮ್ಮ, ನಾನೇ ಹೇಳುತ್ತಿದ್ದೇನೆ ಎಂದು ಅವಳು ಚೀರಿದಷ್ಟೂ ಹಲಗೆ ಜೋರಾಯಿತು. ದುರಗಪ್ಪನೊಬ್ಬನು ದೂರದಲ್ಲಿ ತನ್ನ ಒಗೆಯುವ ಕಲ್ಲಿನ ಮೇಲೆ ತಲೆ ಹಿಡಿದು ಕುಳಿತಿದ್ದ.

ಹುಸೇನಬಿಗೆ ಮಾತ್ರ ತಿಳಿಯಿತು. ಅವಳು ಜನರ ನಡುವೆ ನುಸುಳಿಕೊಂಡು ಮಲ್ಲಿಕಮ್ಮನ ಹತ್ತಿರ ಬಂದು, ಅವಳ ಮೊಳಕೈ ಹಿಡಿದು, ಮುಖಕ್ಕೆ ಮುಖ ತಂದು ಕೇಳಿದಳು.

"ನೀರು ಕೇಳಿದ್ನಾ ಯಕ್ಕಾ?"

"ಕೇಳಿದ."

"ಕೊಟ್ಟಿ?"

"ಒಂದ್ಸಲ ಕೊಟ್ಟೆ" ಎಂದಳು ಮಲ್ಲಿಕಮ್ಮ.

ಹುಸೇನಬಿ ಹಿಡಿದ ಕೈ ಬಿಟ್ಟಳು. ಕಟ್ಟೆಯ ಹತ್ತಿರ ಹೋಗಿ ಗಾದಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಎರಡೂ ಕೈಯನ್ನು ಹೊಸ ಕಲ್ಲಿನ ಅಂಚಿಗೆ ಬಡಿದಳು. ಸುತ್ತಲೂ ತೆಂಗಿನಕಾಯಿ ಒಡೆಯುತ್ತಿದ್ದವು, ಬಳೆ ಒಡೆದ ಸದ್ದು ಊರಿನಲ್ಲಿ ಯಾರಿಗೂ ಕೇಳಿಸಲಿಲ್ಲ.